ಚೀಟಿ ಬರೆಯುವ ಕೈ, ಚುಕ್ಕೆ ಗುರುತಿನ ಪ್ರಶ್ನೆ

ಅರಕಲಗೂಡು, ಬೇಲೂರು, ಕೊಪ್ಪ, ಮೂಡಿಗೆರೆಯಂಥ ಊರುಗಳಲ್ಲಿ ಇಪ್ಪತ್ತು ಮೂವತ್ತು ವರ್ಷ ಒಂದೇ ಜಾಗದಲ್ಲಿ ಷಾಪು ನಡೆಸಿದ ಡಾಕ್ಟರಿಗೆ ಒಂದಲ್ಲ ಒಂದು ದಿನ ಯಾರಾದರೂ ಹೇಳಿಯೇ ಹೇಳುತ್ತಾರೆ: “ಡಾಕ್ಟ್ರೇ, ನೀವು ಒಂದ್ಸಲ ನಿಂತ್ಕಬೇಕು. ನಿಮಗೆ ಓಟು ಹಾಕದೇ ಇರೋರು ಯಾರಿದಾರೆ?” ಹೇಳುವವರು ಮನಸಾರೆ ಹೇಳುತ್ತಾರೆ. ಸರಿರಾತ್ರಿ ಬಾಗಿಲು ತಟ್ಟಿದಾಗ ಎದ್ದು ಬಂದದ್ದು, ಕೈಯಲ್ಲಿ ಕಾಸಿಲ್ಲದವರಿಗೆ “ಕಾಫಿ ಕುಯ್ಲು ಮುಗಿದ್ಮೇಲೆ ಕೊಡು, ಹೋಗು” ಅಂದದ್ದು, ಹಾಸನಕ್ಕೋ ಮಂಗಳೂರಿಗೋ ಕಳಿಸಬೇಕಾದಾಗ ಮುಚ್ಚಿಡದೆ ಹೇಳಿದ್ದು, ಎಲ್ಲ ಆ ಮಾತಿನ ಹಿಂದೆ ಇದೆ.

ಆ ಮಾತನ್ನು ನಿಜವಾಗಿ ಮನಸ್ಸಿಗೆ ತೆಗೆದುಕೊಂಡು, ಬೆಂಗಳೂರನ್ನೂ ದಾಟಿ ದಿಲ್ಲಿಯ ಕಡೆಗೇ ನೋಡುವ ಡಾಕ್ಟರ ಬಗ್ಗೆ ಈ ಬರಹ. ಕೈಗುಣದ ಹೆಸರು ಹೆಚ್ಚೆಂದರೆ ಪಕ್ಷದ ಟಿಕೆಟ್ಟಿನವರೆಗೆ ಒಯ್ಯುತ್ತದೆ ಎಂಬುದು ನನ್ನ ತಿಳಿವಳಿಕೆ. ಸಂಸತ್ತಿನಲ್ಲಿ ಉಪಯೋಗಕ್ಕೆ ಬರುವುದು ರೋಗಿಯ ಎದುರು ಕೂತು ಕಂಡುಕೊಂಡ ಸಣ್ಣ ಸಣ್ಣ ಸಂಗತಿಗಳು, ಮತ್ತು ಅವನ್ನು ಯಾವ ಸಚಿವಾಲಯಕ್ಕೆ, ಯಾವ ರೂಪದಲ್ಲಿ ಕೇಳಬೇಕೆಂಬ ಶಿಸ್ತು.

ಮೊದಲು ಓಟಿನ ಲೆಕ್ಕ. ದಿನಕ್ಕೆ 80 ರೋಗಿಗಳು, ವರ್ಷಕ್ಕೆ 300 ದಿನ ಎಂದಿಟ್ಟುಕೊಂಡರೆ 24,000 ಚೀಟಿ. ಅದರಲ್ಲಿ ಹೆಚ್ಚಿನವರು ಮತ್ತೆ ಮತ್ತೆ ಬರುವವರೇ: ಬಿಪಿ, ಸಕ್ಕರೆ ಕಾಯಿಲೆ, ಉಬ್ಬಸ, ಮಗುವಿನ ಜ್ವರ. ನಿಜವಾಗಿ ನೆಚ್ಚಿಕೊಂಡ ಮನೆಗಳು ಆರೇಳು ಸಾವಿರ ಇದ್ದರೆ ದೊಡ್ಡದು, ಅವೂ ಸುತ್ತಲಿನ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರಿನೊಳಗೆ. ಮನೆಗೆ ಮೂರು ಓಟಿನಂತೆ 20,000. ಹಾಸನ ಲೋಕಸಭಾ ಕ್ಷೇತ್ರದಲ್ಲಿ 2024ರಲ್ಲಿ ಮತದಾರರಿದ್ದದ್ದು ಸುಮಾರು 17 ಲಕ್ಷ. ಮುಕ್ಕಾಲು ಪಾಲು ಮತದಾನವಾದರೂ ಸುಮಾರು 13 ಲಕ್ಷ ಮತ ಬೀಳುತ್ತದೆ. ಠೇವಣಿ ಉಳಿಯಬೇಕಾದರೆ ಆರನೇ ಒಂದು ಪಾಲಿಗಿಂತ ಹೆಚ್ಚು, ಅಂದರೆ ಎರಡು ಲಕ್ಷಕ್ಕೂ ಮೇಲೆ ಬೇಕು. ಊರಿಗೇ ದೇವರಂತಿದ್ದ ಡಾಕ್ಟರ ಇಡೀ ಹೆಸರು ಠೇವಣಿಯ ಹತ್ತನೇ ಒಂದು ಭಾಗಕ್ಕೂ ಸಾಲದು.

ಭೂಗೋಳವೂ ಸಹಾಯಕ್ಕೆ ಬರುವುದಿಲ್ಲ. ಹಾಸನ ಲೋಕಸಭೆ ಎಂದರೆ ಶ್ರವಣಬೆಳಗೊಳ, ಅರಸೀಕೆರೆ, ಬೇಲೂರು, ಹಾಸನ, ಹೊಳೆನರಸೀಪುರ, ಅರಕಲಗೂಡು, ಸಕಲೇಶಪುರ, ಜೊತೆಗೆ ಚಿಕ್ಕಮಗಳೂರು ಜಿಲ್ಲೆಯ ಕಡೂರು. ಸಕಲೇಶಪುರದ ಆನೆ ಕಾಟಕ್ಕೂ ಅರಸೀಕೆರೆಯ ಕೊಬ್ಬರಿ ಬೆಲೆಗೂ ಸಂಬಂಧವಿಲ್ಲ, ಆದರೆ ಎರಡಕ್ಕೂ ಒಬ್ಬನೇ ಸಂಸದ. ಉಡುಪಿ–ಚಿಕ್ಕಮಗಳೂರು ಕ್ಷೇತ್ರ ಇನ್ನೂ ಕಷ್ಟ: ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆ ಘಟ್ಟದ ಮೇಲೆ, ಕುಂದಾಪುರ, ಉಡುಪಿ, ಕಾಪು, ಕಾರ್ಕಳ ಘಟ್ಟದ ಕೆಳಗೆ. ಮೂಡಿಗೆರೆಯ ಡಾಕ್ಟರ ಹೆಸರು ಕುಂದಾಪುರದಲ್ಲಿ ಕೇಳಿದವರಿರುವುದಿಲ್ಲ. ಅಲ್ಲಿನವರಿಗೆ ಮಣಿಪಾಲ ಕಾಲಬುಡದಲ್ಲಿದೆ. 1978ರ ಉಪಚುನಾವಣೆಯಲ್ಲಿ ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಚಿಕ್ಕಮಗಳೂರಿನಿಂದ ಇಂದಿರಾ ಗಾಂಧಿ ಗೆದ್ದರು. ಲೋಕಸಭೆಗೆ ಹೊರಗಿನ ದೊಡ್ಡ ಹೆಸರು ಎಷ್ಟು ಸಲೀಸಾಗಿ ನಡೆಯುತ್ತದೆಂದು ಈ ಜಿಲ್ಲೆಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಒಬ್ಬ ವೈದ್ಯರ ಹೆಸರು ಇಡೀ ಕ್ಷೇತ್ರಕ್ಕೆ ಮುಟ್ಟಬೇಕಾದರೆ ಅದಕ್ಕೊಂದು ಸಂಸ್ಥೆ ಬೇಕಾಗುತ್ತದೆ. ಚನ್ನರಾಯಪಟ್ಟಣ ತಾಲ್ಲೂಕಿನ ಮೂಲದ ಡಾ. ಸಿ.ಎನ್. ಮಂಜುನಾಥ್ 2006ರಿಂದ 2024ರ ಜನವರಿವರೆಗೆ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರಾಗಿದ್ದರು. ಮೊದಲು ಚಿಕಿತ್ಸೆ, ದುಡ್ಡು ಆಮೇಲೆ ಎಂಬ ಪದ್ಧತಿಯಿಂದ ಅವರ ಹೆಸರು ರಾಜ್ಯದ ಮೂಲೆಮೂಲೆಗೂ ಹೋಗಿತ್ತು. ಅವರೂ ನಿಂತದ್ದು ಹಾಸನದಲ್ಲಲ್ಲ, ಬೆಂಗಳೂರು ಗ್ರಾಮಾಂತರದಲ್ಲಿ; ಒಬ್ಬರೇ ಅಲ್ಲ, ಬಿಜೆಪಿ ಚಿಹ್ನೆಯ ಮೇಲೆ, ಜೆಡಿಎಸ್ ಮೈತ್ರಿಯೊಂದಿಗೆ, ಮಾಜಿ ಪ್ರಧಾನಿ ದೇವೇಗೌಡರ ಅಳಿಯರಾಗಿ. ಗೆಲುವಿನ ಅಂತರ ಎರಡೂವರೆ ಲಕ್ಷ ದಾಟಿತು. ಅದರಲ್ಲಿ ಸ್ಟೆತಾಸ್ಕೋಪಿನ ಪಾಲು ಎಷ್ಟು, ಪಕ್ಷದ ಪಾಲು ಎಷ್ಟು ಎಂದು ಬಿಡಿಸುವುದು ಅಸಾಧ್ಯ. ಎರಡೂ ಬೇಕಾದವು ಎಂಬುದಂತೂ ಸ್ಪಷ್ಟ.

ಆದರೆ ಸಣ್ಣ ಊರಿನ ಡಾಕ್ಟರ ರಾಜಕೀಯ ಬದುಕನ್ನು ಬುಡದಿಂದ ನೋಡಬೇಕಾದರೆ ವೈ.ಎಸ್. ರಾಜಶೇಖರ ರೆಡ್ಡಿಯವರದ್ದನ್ನು ನೋಡಬೇಕು. ಆಂಧ್ರದವರಾದರೂ ಅವರು ಎಂಬಿಬಿಎಸ್ ಓದಿದ್ದು ನಮ್ಮ ಕಲಬುರಗಿಯ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜಿನಲ್ಲಿ. ಆಮೇಲೆ ಜಮ್ಮಲಮಡುಗಿನ ಮಿಷನ್ ಆಸ್ಪತ್ರೆಯಲ್ಲಿ ವೈದ್ಯಾಧಿಕಾರಿ. 1973ರಲ್ಲಿ ಕಡಪ ಜಿಲ್ಲೆಯ ಪುಲಿವೆಂದುಲದಲ್ಲಿ ತಂದೆಯ ಹೆಸರಿನಲ್ಲಿ 70 ಹಾಸಿಗೆಯ ಆಸ್ಪತ್ರೆ ತೆರೆದರು. ಒಂದು ರೂಪಾಯಿ ತೆಗೆದುಕೊಳ್ಳುವ ಡಾಕ್ಟರ್ ಎಂದು ಅಲ್ಲಿ ಹೆಸರಾಯಿತು. 1978ರಲ್ಲಿ, ಮೂವತ್ತು ತುಂಬುವ ಮೊದಲೇ, ವಿಧಾನಸಭೆಗೆ ಗೆದ್ದರು. ಈ ಕಥೆಯನ್ನು ಹೇಳುವವರು ಒಂದು ರೂಪಾಯಿಯ ಹತ್ತಿರ ನಿಂತುಬಿಡುತ್ತಾರೆ. ಅವರ ಹಿಂದೆ ಆ ಸೀಮೆಯಲ್ಲಿ ಪ್ರಬಲವಾಗಿದ್ದ ಕುಟುಂಬವೂ ಆಸ್ತಿಯೂ ಇದ್ದವು. ಒಂದು ರೂಪಾಯಿ ಫೀಸಿನಲ್ಲಿ 70 ಹಾಸಿಗೆಯ ಆಸ್ಪತ್ರೆ ನಡೆಯುವುದಿಲ್ಲ. ಬೇರೆಲ್ಲಿಂದಲೋ ದುಡ್ಡು ಬರಲೇಬೇಕು. ಬರೀ ಷಾಪಿನ ಸಂಪಾದನೆಯಲ್ಲಿ ಬದುಕುವ ಡಾಕ್ಟರ್ ಅವರನ್ನು ಮಾದರಿಯಾಗಿ ಇಟ್ಟುಕೊಳ್ಳುವ ಮೊದಲು ಇದನ್ನು ತಿಳಿದಿರಬೇಕು.

ನಾಲ್ಕು ಸಲ, 1989, 1991, 1996, 1998ರಲ್ಲಿ, ರೆಡ್ಡಿ ಕಡಪದಿಂದ ಲೋಕಸಭೆಗೆ ಹೋದರು. ಆದರೂ ಡಾಕ್ಟರಾಗಿ ಅವರು ಬಿಟ್ಟುಹೋದ ಗುರುತು ದಿಲ್ಲಿಯ ವರ್ಷಗಳದ್ದಲ್ಲ. 2003ರ ಬೇಸಿಗೆಯಲ್ಲಿ ಚೇವೆಳ್ಳದಿಂದ ಇಚ್ಛಾಪುರದವರೆಗೆ ಸುಮಾರು 1,500 ಕಿಲೋಮೀಟರ್ ಪಾದಯಾತ್ರೆ ಮಾಡಿ, 2004ರಲ್ಲಿ ಮುಖ್ಯಮಂತ್ರಿಯಾದರು. 2007ರಲ್ಲಿ ಆರೋಗ್ಯಶ್ರೀ ತಂದರು: ಬಡ ಕುಟುಂಬಕ್ಕೆ ಹೃದಯ, ಮೂತ್ರಪಿಂಡ, ಕ್ಯಾನ್ಸರಿನಂಥ ದೊಡ್ಡ ಚಿಕಿತ್ಸೆ, ಖಾಸಗಿ ಆಸ್ಪತ್ರೆಯಲ್ಲಿ ಕೂಡ, ಸರ್ಕಾರದ ಖರ್ಚಿನಲ್ಲಿ. ಕರ್ನಾಟಕ 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಆರಂಭಿಸಿದಾಗ ಮೊದಲು ಜಾರಿಗೆ ತಂದದ್ದು ಕಲಬುರಗಿ ವಿಭಾಗದಲ್ಲಿ, ರೆಡ್ಡಿ ಓದಿದ ಊರಿನಲ್ಲಿ. 2018ರಲ್ಲಿ ಕೇಂದ್ರವೂ ಆಯುಷ್ಮಾನ್ ಭಾರತ್ ಹೆಸರಿನಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಇದೇ ಬಗೆಯ ರಕ್ಷಣೆ ಘೋಷಿಸಿತು.

ಆಪರೇಷನ್ನಿಗೆಂದು ಹೊಲ ಮಾರಿದವರನ್ನು ಕಣ್ಣಾರೆ ಕಂಡ ಡಾಕ್ಟರಿಗೆ ಮಾತ್ರ ಇಂಥ ಯೋಜನೆಯ ಹಂಬಲ ಅಷ್ಟು ತೀವ್ರವಾಗಿ ಬರುತ್ತದೆ ಎಂದು ನಾನು ನಂಬುತ್ತೇನೆ. ಅದರ ಕೊರತೆಯೂ ಅಲ್ಲೇ ಇದೆ. ದುಡ್ಡು ದೊಡ್ಡ ಆಸ್ಪತ್ರೆಗಳ ಕಡೆ ಹರಿಯಿತು. ಜ್ವರ, ಕೆಮ್ಮು, ಬಿಪಿ ಮಾತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಖಾಲಿ ಹುದ್ದೆ ಇವೆಲ್ಲ ಹಿಂದೆ ಉಳಿದವು ಎಂಬ ಟೀಕೆ ಆಗಲೇ ಬಂತು. ಬಿಪಿ ಮಾತ್ರೆ ತಿಂಗಳು ತಿಂಗಳು ಸಿಕ್ಕಿದ್ದರೆ ಸ್ಟೆಂಟಿನ ತನಕ ಹೋಗಬೇಕಿರಲಿಲ್ಲ ಎನ್ನುವ ರೋಗಿಯನ್ನು ಪ್ರತಿ ಸಣ್ಣ ಊರಿನ ಡಾಕ್ಟರೂ ನೋಡಿರುತ್ತಾರೆ. 2025ರ ಜೂನ್–ಜುಲೈಯಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿಗೆ ಹೆದರಿದ ಜನ ಮೈಸೂರಿನ ಜಯದೇವದ ಮುಂದೆ ನಸುಕಿನಲ್ಲೇ ಸಾಲುಗಟ್ಟಿದರು. ಕೊನೆಯ ಹಂತದ ಆಸ್ಪತ್ರೆಯನ್ನೇ ಮೊದಲ ಹಂತವೆಂದು ಜನ ನಂಬಿದರೆ ಹೀಗಾಗುತ್ತದೆ.

ಇರಲಿ. ನಿಲ್ಲಲೇಬೇಕು ಎಂದು ತೀರ್ಮಾನಿಸಿದ ಡಾಕ್ಟರ ಮುಂದೆ ಮೊದಲು ಬರುವುದು ಕಾಗದ ಪತ್ರ. ಸರ್ಕಾರಿ ಡಾಕ್ಟರಾಗಿದ್ದರೆ ರಾಜೀನಾಮೆ ಬರೆದು ಕೊಟ್ಟರೆ ಆಗಲಿಲ್ಲ, ಅದು ಅಂಗೀಕಾರವಾಗಬೇಕು. ಸಂವಿಧಾನದ 102ನೇ ವಿಧಿಯ ಪ್ರಕಾರ ಸರ್ಕಾರದಡಿ ಲಾಭದಾಯಕ ಹುದ್ದೆಯಲ್ಲಿರುವವರು ಸಂಸದರಾಗುವಂತಿಲ್ಲ, ಮತ್ತು ಅರ್ಹತೆಯನ್ನು ನೋಡುವುದು ನಾಮಪತ್ರ ಪರಿಶೀಲನೆಯ ದಿನ. ಅಂಗೀಕಾರದ ಆದೇಶ ಆ ದಿನದೊಳಗೆ ಕೈಗೆ ಬರದಿದ್ದರೆ ನಾಮಪತ್ರ ಬಿದ್ದುಹೋಗುತ್ತದೆ. ಬಾಕಿ ಇಲಾಖಾ ವಿಚಾರಣೆ, ಕಡ್ಡಾಯ ಸೇವೆಯ ಬಾಂಡಿನ ಅವಧಿ, ಮುಂಗಡದ ಬಾಕಿ, ಇವುಗಳಲ್ಲಿ ಒಂದಿದ್ದರೂ ಕಡತ ತಡವಾಗುತ್ತದೆ. ಆರು ತಿಂಗಳ ಮೊದಲೇ ಬಿಡುವುದು ಕ್ಷೇಮ. ಖಾಸಗಿ ಡಾಕ್ಟರಿಗೆ ಈ ತೊಡಕಿಲ್ಲ.

ನಮೂನೆ 2ಎ ನಾಮಪತ್ರ, ನಮೂನೆ 26ರ ಪ್ರಮಾಣಪತ್ರ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು, ಪಕ್ಷೇತರರಿಗೆ ಕ್ಷೇತ್ರದ ಹತ್ತು ಮತದಾರರು ಬೇಕು. ಠೇವಣಿ 25,000 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಅದರ ಅರ್ಧ. ಚುನಾವಣೆ ಖರ್ಚಿಗೆ ಬೇರೆಯದೇ ಬ್ಯಾಂಕ್ ಖಾತೆಯನ್ನು ನಾಮಪತ್ರ ಸಲ್ಲಿಸುವುದಕ್ಕೆ ಒಂದು ದಿನವಾದರೂ ಮೊದಲು ತೆರೆದಿರಬೇಕು. 2024ರಲ್ಲಿ ಕರ್ನಾಟಕದ ಲೋಕಸಭಾ ಅಭ್ಯರ್ಥಿಗೆ ಖರ್ಚಿನ ಮಿತಿ 95 ಲಕ್ಷ ಇತ್ತು. ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕ ಒಪ್ಪಿಸಬೇಕು. ಪ್ರಮಾಣಪತ್ರದಲ್ಲಿ ಯಾವ ಅಂಕಣವನ್ನೂ ಖಾಲಿ ಬಿಡಬಾರದು. ಇಲ್ಲದಿದ್ದರೆ “ಇಲ್ಲ” ಎಂದೇ ಬರೆಯಬೇಕು. ನರ್ಸಿಂಗ್ ಹೋಂ ಕಟ್ಟಡ ಹೆಂಡತಿಯ ಹೆಸರಿನಲ್ಲಿದ್ದರೆ, ಸ್ಕ್ಯಾನಿಂಗ್ ಮೆಷಿನ್ ಸಾಲದ ಮೇಲಿದ್ದರೆ, ಅದೆಲ್ಲ ಅಲ್ಲಿ ಬರಬೇಕು. ಒಂದು ಮತಗಟ್ಟೆಗೆ 1,500 ಮತದಾರರ ಲೆಕ್ಕ ಹಿಡಿದರೂ ಸಾವಿರಕ್ಕೂ ಮೇಲೆ ಬೂತು, ಅಷ್ಟಕ್ಕೂ ಏಜೆಂಟರು. ಪಕ್ಷ ಬೇಕಾಗುವುದು ಮುಖ್ಯವಾಗಿ ಇಲ್ಲಿ.

ಡಾಕ್ಟರು ಸುಲಭವಾಗಿ ಎಡವುವ ಜಾಗ ಇನ್ನೊಂದಿದೆ: ಉಚಿತ ಆರೋಗ್ಯ ಶಿಬಿರ. ವರ್ಷ ವರ್ಷ ಮಾಡುತ್ತಿದ್ದದ್ದೇ ಆದರೂ ಮಾದರಿ ನೀತಿ ಸಂಹಿತೆ ಜಾರಿಯಾದ ಮೇಲೆ ಅಭ್ಯರ್ಥಿಯ ಹೆಸರಿನಲ್ಲಿ ಮಾತ್ರೆ, ಕನ್ನಡಕ ಹಂಚಿದರೆ ಮತದಾರರಿಗೆ ಆಮಿಷ ಒಡ್ಡಿದ ದೂರು ಬರುತ್ತದೆ. ಖರ್ಚು ಲೆಕ್ಕಕ್ಕೂ ಸೇರುತ್ತದೆ. ರೋಗಿಗಳ ಫೋನ್ ನಂಬರುಗಳನ್ನು ಪ್ರಚಾರಕ್ಕೆ ಬಳಸುವುದಂತೂ ವೈದ್ಯವೃತ್ತಿಗೇ ದ್ರೋಹ. ಚೀಟಿಯಲ್ಲಿ ಬರೆದುಕೊಂಡ ನಂಬರು ಚಿಕಿತ್ಸೆಗೆ ಕೊಟ್ಟದ್ದು.

ಷಾಪನ್ನು ಯಾರ ಕೈಗೆ ಕೊಡುವುದು ಎಂಬುದನ್ನು ಯಾರೂ ಮೊದಲೇ ಯೋಚಿಸುವುದಿಲ್ಲ. ಪ್ರಚಾರ ಶುರುವಾದ ದಿನ ಬಾಗಿಲು ಹಾಕಿದರೆ ಮೊದಲು ತೊಂದರೆಗೆ ಬೀಳುವವರು ಫಿಟ್ಸ್ ರೋಗಿಗಳು. ಫೆನಿಟಾಯಿನ್, ವಾಲ್ಪ್ರೊಯೇಟಿನಂಥ ಫಿಟ್ಸ್ ಮಾತ್ರೆ ಇದ್ದಕ್ಕಿದ್ದಂತೆ ನಿಂತರೆ ನಿಲ್ಲದ ಫಿಟ್ಸಿಗೆ ದಾರಿ. ಇನ್ಸುಲಿನ್, ಥೈರಾಯ್ಡ್, ಮಾನಸಿಕ ಕಾಯಿಲೆಯ ಮಾತ್ರೆ, ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರೂ ಹಾಗೆಯೇ. ಪ್ರತಿಯೊಬ್ಬರಿಗೂ ಔಷಧದ ಹೆಸರು, ಪ್ರಮಾಣ, ಕೊನೆಯ ಪರೀಕ್ಷೆಯ ಫಲಿತಾಂಶ ಬರೆದ ಒಂದು ಹಾಳೆ ಕೊಟ್ಟು, ಮುಂದಿನ ಡಾಕ್ಟರಿಗೆ ಪರಿಚಯಿಸಿ, ತಾಲ್ಲೂಕು ಆಸ್ಪತ್ರೆಯಲ್ಲಿ ಆ ಔಷಧ ಸಿಗುತ್ತದೆಯೇ ಎಂದು ನೋಡಿ ಹೊರಡಬೇಕು. ಮೂರು ತಿಂಗಳಾದರೂ ಹಿಡಿಯುವ ಕೆಲಸ ಇದು. ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕೆ ಮುಂದುವರಿದ ಶಿಕ್ಷಣದ 30 ಕ್ರೆಡಿಟ್ ಗಂಟೆ ಬೇಕು. ಸೋತು ಹಿಂದಿರುಗುವವರು ಇದನ್ನು ಕೈಬಿಟ್ಟಿರಬಾರದು. ಗೆದ್ದವರೂ ಅಷ್ಟೇ. ಬಿಧಾನ್ ಚಂದ್ರ ರಾಯ್ 1948ರಿಂದ 1962ರವರೆಗೆ ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯಾಗಿದ್ದಾಗಲೂ ಬೆಳಗಿನ ಹೊತ್ತು ರೋಗಿಗಳನ್ನು ಉಚಿತವಾಗಿ ನೋಡುತ್ತಿದ್ದರು.

ಇನ್ನು ದಿಲ್ಲಿ. ಅಲ್ಲಿ ಕಾಲಿಟ್ಟ ಡಾಕ್ಟರಿಗೆ ಮೊದಲ ಆರು ತಿಂಗಳಲ್ಲಿ ಆಗುವ ನಿರಾಸೆ ಏನೆಂದರೆ, ಅವರು ಕೇಳುವ ಪ್ರಶ್ನೆಗಳಿಗೆ ಬರುವ ಉತ್ತರದ ಮೊದಲ ಸಾಲು ಒಂದೇ: ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ರಾಜ್ಯದ ವಿಷಯ. ಅದು ನಿಜವೂ ಹೌದು. ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ 6ನೇ ನಮೂದು. ಬೇಲೂರು ಆಸ್ಪತ್ರೆಗೆ ಅರಿವಳಿಕೆ ತಜ್ಞರಿಲ್ಲ ಎಂದು ಲೋಕಸಭೆಯಲ್ಲಿ ಕೂಗಿದರೆ ಪತ್ರಿಕೆಯಲ್ಲಿ ಫೋಟೋ ಬರುತ್ತದೆ, ತಜ್ಞರು ಬರುವುದಿಲ್ಲ.

ಕ್ಷೇತ್ರಾಭಿವೃದ್ಧಿ ನಿಧಿಯೂ ಅಷ್ಟೇ, ವರ್ಷಕ್ಕೆ 5 ಕೋಟಿ. ಆ ದುಡ್ಡಿನಲ್ಲಿ ಕಟ್ಟಡ, ಆಂಬುಲೆನ್ಸ್, ಸರ್ಕಾರಿ ಆಸ್ಪತ್ರೆಗೆ ಉಪಕರಣ ಕೊಡಬಹುದು. ಸಂಬಳ, ಡೀಸೆಲ್ಲಿಗೆ ಕೊಡಲಾಗುವುದಿಲ್ಲ. ಎಕ್ಸ್‌ರೇ ಮೆಷಿನ್ ಬಂದು ಟೆಕ್ನಿಷಿಯನ್ ಇಲ್ಲದೆ, ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಇಲ್ಲದೆ ಮುಸುಕು ಹಾಕಿಕೊಂಡು ಕೂರುವುದು ಹೀಗೆ. ಸ್ಕ್ಯಾನಿಂಗ್ ಮೆಷಿನ್ನಿಗೆ 1994ರ ಲಿಂಗಪತ್ತೆ ನಿಷೇಧ ಕಾಯ್ದೆಯಡಿ ನೋಂದಣಿ ಆಗಬೇಕು, ಅದನ್ನು ಹಿಡಿಯಲು ಅರ್ಹತೆಯಿರುವ ಡಾಕ್ಟರೂ ಬೇಕು. ಸಂಸದ ಡಾಕ್ಟರಾಗಿದ್ದರೆ ಇದೊಂದು ತಪ್ಪನ್ನಾದರೂ ತಪ್ಪಿಸಬಹುದು: ಕೇಳಿಕೊಂಡು ಬಂದವರಿಗೆ, “ನಡೆಸುವವರು ಯಾರು, ಹುದ್ದೆ ಮಂಜೂರಾಗಿದೆಯೇ, ಆದೇಶ ತೋರಿಸಿ” ಅನ್ನಬೇಕು, ಆಮೇಲೆ ಸಹಿ ಹಾಕಬೇಕು. ಅದೇ ಮಾತನ್ನು ಅಧಿಕಾರಿಗಳೆದುರು ಕೇಳಲು ದಿಶಾ ಸಭೆ, ಅಂದರೆ ಜಿಲ್ಲೆಯಲ್ಲಿ ಕೇಂದ್ರದ ಯೋಜನೆಗಳ ಪರಿಶೀಲನಾ ಸಭೆ, ಇದೆ. ಸಂಸದರೇ ಅಧ್ಯಕ್ಷರು, ಮೂರು ತಿಂಗಳಿಗೊಮ್ಮೆ ನಡೆಯಬೇಕು, ರಾಷ್ಟ್ರೀಯ ಆರೋಗ್ಯ ಅಭಿಯಾನದ ದುಡ್ಡೂ ಅದರ ಪರಿಶೀಲನೆಗೆ ಬರುತ್ತದೆ.

ನನ್ನ ಪ್ರಕಾರ ಡಾಕ್ಟರ್ ಸಂಸದರ ನಿಜವಾದ ಆಯುಧ ಪ್ರಶ್ನೋತ್ತರ ಅವಧಿ. ಕೇಂದ್ರದ ಕೈಯಲ್ಲೇ ಇರುವ ವಿಷಯಗಳನ್ನು ಹುಡುಕಿ ಕೇಳಬೇಕು: ಔಷಧ ಮತ್ತು ಲಸಿಕೆಯ ಗುಣಮಟ್ಟ, ವೈದ್ಯಕೀಯ ಸಂಶೋಧನಾ ಮಂಡಳಿಯ ಕೆಲಸ, ವೈದ್ಯ ಶಿಕ್ಷಣದ ನಿಯಮ, ಕಾರ್ಮಿಕ ಸಂಹಿತೆಗಳು. ನಮ್ಮ ಜಿಲ್ಲೆಗಳಿಗೆ ಹಾವು ಕಡಿತವೇ ಒಳ್ಳೆಯ ಉದಾಹರಣೆ.

ಹಾವು ಕಡಿದವರು ಬಂದಾಗ ಹಾಸಿಗೆಯ ಪಕ್ಕದಲ್ಲೇ ಮಾಡುವ ಪರೀಕ್ಷೆ ಒಂದಿದೆ. ಒಣಗಿದ, ಹೊಸ ಗಾಜಿನ ಕೊಳವೆಯಲ್ಲಿ 2 ಮಿಲಿ ರಕ್ತ ತೆಗೆದು 20 ನಿಮಿಷ ಅಲುಗಾಡಿಸದೆ ಇಡಬೇಕು, ಆಮೇಲೆ ಬಾಗಿಸಿ ನೋಡಬೇಕು. ಹೆಪ್ಪುಗಟ್ಟದೆ ಹರಿದರೆ ವಿಷ ರಕ್ತಕ್ಕೇರಿದೆ. ಕೊಳವೆ ಪ್ಲಾಸ್ಟಿಕ್ಕಿನದಾದರೆ, ಸೋಪಿನ ಪುಡಿಯಲ್ಲಿ ತೊಳೆದದ್ದಾದರೆ, ವಿಷವಿಲ್ಲದಿದ್ದರೂ ಹೆಪ್ಪುಗಟ್ಟದೆ ಹೋಗಬಹುದು. ರಕ್ತ ಹರಿದರೆ 10 ಬಾಟಲಿ ಪ್ರತಿವಿಷವನ್ನು ಸಲೈನಿನಲ್ಲಿ ಬೆರೆಸಿ ಸುಮಾರು ಒಂದು ಗಂಟೆಯಲ್ಲಿ ಕೊಡುವುದು ರೂಢಿ. ಅಲರ್ಜಿಯಿಂದ ರಕ್ತದೊತ್ತಡ ಕುಸಿದರೆ ಕೊಡಲು ಅಡ್ರಿನಲಿನ್ 0.5 ಮಿಲಿಗ್ರಾಂ ಸಿರಿಂಜಿನಲ್ಲಿ ಸಿದ್ಧವಾಗಿರಬೇಕು. ನಮ್ಮಲ್ಲಿ ಸಿಗುವ ಪ್ರತಿವಿಷ ನಾಲ್ಕು ಹಾವುಗಳಿಗೆ ತಯಾರಾದದ್ದು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಮಲೆನಾಡಿನ ಕಾಫಿ ತೋಟದ ತರಗೆಲೆಯಲ್ಲಿ ಕೂತು ಕಡಿಯುವ ಹಂಪ್‌ನೋಸ್ಡ್ ಪಿಟ್ ವೈಪರ್ ಎಂಬ ಸಣ್ಣ ಗುಳಿಮಂಡಲ ಆ ನಾಲ್ಕರಲ್ಲಿಲ್ಲ. ಅದು ಕಡಿದರೂ ರಕ್ತ ಹೆಪ್ಪುಗಟ್ಟದೆ ಹೋಗಬಹುದು, ಮೂತ್ರಪಿಂಡವೂ ಕೆಡಬಹುದು. ಡಾಕ್ಟರು 10 ಕೊಟ್ಟು, ಮತ್ತೆ 10 ಕೊಟ್ಟು ಕಾಯುತ್ತಾರೆ, ಏನೂ ಆಗುವುದಿಲ್ಲ. ಇನ್ನೊಂದು ಸಂಗತಿ, ದೇಶದ ಪ್ರತಿವಿಷಕ್ಕೆ ಬೇಕಾದ ವಿಷದ ಬಹುಪಾಲು ಬರುವುದು ಚೆನ್ನೈ ಬಳಿಯ ಇರುಳರ ಸಹಕಾರ ಸಂಘದಿಂದ. ಒಂದೇ ಜಾತಿಯ ಹಾವಾದರೂ ಪ್ರದೇಶ ಬದಲಾದಂತೆ ವಿಷದ ಗುಣ ಬದಲಾಗುತ್ತದೆ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ.

ಇಷ್ಟು ಗೊತ್ತಿದ್ದ ಸಂಸದ “ಹಾವು ಕಡಿತಕ್ಕೆ ಸರ್ಕಾರ ಏನು ಮಾಡಿದೆ?” ಎಂದು ಕೇಳಿದರೆ ವ್ಯರ್ಥ. ಉತ್ತರ ಬರುವುದು 2024ರ ಮಾರ್ಚ್‌ನಲ್ಲಿ ಬಿಡುಗಡೆಯಾದ ರಾಷ್ಟ್ರೀಯ ಕ್ರಿಯಾ ಯೋಜನೆಯ ನಾಲ್ಕು ಸಾಲು, 2030ಕ್ಕೆ ಸಾವು ಅರ್ಧಕ್ಕಿಳಿಸುವ ಗುರಿ. ಕೇಳಬೇಕಾದದ್ದು ಹೀಗೆ: ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು ದಯವಿಟ್ಟು ತಿಳಿಸುವರೇ, (ಅ) ಪಶ್ಚಿಮ ಘಟ್ಟದ ಗುಳಿಮಂಡಲಗಳ ವಿರುದ್ಧ ಈಗಿನ ಪ್ರತಿವಿಷದ ಪರಿಣಾಮವನ್ನು ಪರೀಕ್ಷಿಸಲಾಗಿದೆಯೇ; (ಆ) ಹಾಗಿದ್ದರೆ ಯಾವ ಸಂಸ್ಥೆಯಿಂದ, ಫಲಿತಾಂಶವೇನು; (ಇ) ಕರ್ನಾಟಕದಲ್ಲಿ ವಿಷ ಸಂಗ್ರಹ ಕೇಂದ್ರ ತೆರೆಯುವ ಪ್ರಸ್ತಾವ ಇದೆಯೇ; (ಈ) ಇದ್ದರೆ ಕಾಲಮಿತಿ, ಇಲ್ಲದಿದ್ದರೆ ಕಾರಣ. ನಾಲ್ಕೂ ಕೇಂದ್ರದ ಸಂಸ್ಥೆಗಳೇ ಉತ್ತರಿಸಬೇಕಾದವು. ಕೊನೆಯ ಭಾಗದಲ್ಲಿ ಕಾರಣ ಕೇಳದಿದ್ದರೆ “ಇಲ್ಲ” ಎಂಬ ಒಂದೇ ಪದಕ್ಕೆ ಕೆಲಸ ಮುಗಿದುಹೋಗುತ್ತದೆ.

ಪ್ರಶ್ನೆ 150 ಪದ ಮೀರಬಾರದು, 15 ಪೂರ್ಣ ದಿನ ಮೊದಲೇ ಸೂಚನೆ ಸಲ್ಲಬೇಕು. ಸಚಿವರು ಸದನದಲ್ಲಿ ಬಾಯಿಮಾತಿನಲ್ಲೇ ಉತ್ತರಿಸಬೇಕಾದ ಚುಕ್ಕೆ ಗುರುತಿನ ಪ್ರಶ್ನೆಗಳು ದಿನಕ್ಕೆ 20 ಮಾತ್ರ, ಲಾಟರಿಯಲ್ಲಿ ಹೆಸರು ಬರಬೇಕು. ಬಂದರೂ ಒಂದು ಗಂಟೆಯಲ್ಲಿ ಬಾಯಿಮಾತಿನ ಉತ್ತರಕ್ಕೆ ಸಿಗುವುದು ಮೊದಲ ಐದಾರು. ಅಂದು ಸದನ ಗದ್ದಲದಲ್ಲಿ ಮುಂದೂಡಿಹೋದರೆ ಎರಡು ಉಪಪ್ರಶ್ನೆಗಳ ಅವಕಾಶವೂ ಹೋಯಿತು. ಆದ್ದರಿಂದ ದಿನಕ್ಕೆ 230 ತೆಗೆದುಕೊಳ್ಳುವ ಚುಕ್ಕೆರಹಿತ ಪ್ರಶ್ನೆಗಳನ್ನು ಕಡೆಗಣಿಸಬಾರದು. ಲಿಖಿತ ಉತ್ತರದಲ್ಲಿ ಜಿಲ್ಲಾವಾರು ಅಂಕಿಅಂಶ ಬರುವುದು ಅಲ್ಲೇ. “ಪರಿಶೀಲಿಸಲಾಗುವುದು” ಎಂದು ಸಚಿವರು ಹೇಳಿದ ಮಾತು ಭರವಸೆಯಾಗಿ ದಾಖಲಾದರೆ ಮೂರು ತಿಂಗಳಲ್ಲಿ ಈಡೇರಿಸಬೇಕು. ಇಲ್ಲದಿದ್ದರೆ ಸರ್ಕಾರಿ ಭರವಸೆಗಳ ಸಮಿತಿ ಕೇಳುತ್ತದೆ. ರೋಗಿಯನ್ನು ಮರುಭೇಟಿಗೆ ಕರೆದು ನೋಡುವ ಅಭ್ಯಾಸವಿದ್ದವರು ಈ ಸಮಿತಿಯ ದಾರಿಯನ್ನು ಚೆನ್ನಾಗಿ ಬಳಸಬಹುದು. ಖಾಸಗಿ ಮಸೂದೆಯ, ಅಂದರೆ ಸಚಿವರಲ್ಲದ ಸದಸ್ಯರು ತಾವೇ ಮಂಡಿಸುವ ಮಸೂದೆಯ, ಮೇಲೆ ಹೆಚ್ಚು ಆಸೆ ಇಡುವುದು ಬೇಡ. 1970ರ ನಂತರ ಅಂಥದ್ದೊಂದೂ ಕಾನೂನಾಗಿಲ್ಲ.

ಮಂಗನ ಕಾಯಿಲೆಯ ವಿಷಯದಲ್ಲೂ ಇದೇ ದಾರಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಾದ ಈ ಜ್ವರ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಮನೆಗಳಿಗೆ ಹೊಸದಲ್ಲ. ಹಳೆಯ ಲಸಿಕೆಯ ಶಕ್ತಿ ಸಾಲದೆಂದು 2022ರಲ್ಲಿ ನಿಲ್ಲಿಸಿದ ಮೇಲೆ ಉಣುಗು ಹತ್ತದಂತೆ ಹಚ್ಚಿಕೊಳ್ಳುವ ಎಣ್ಣೆಯೇ ಗತಿಯಾಯಿತು. ಹೊಸ ಲಸಿಕೆಯ ಕೆಲಸ ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿಯ ಕೈಯಲ್ಲಿದೆ. ಪರೀಕ್ಷೆ ಯಾವ ಹಂತದಲ್ಲಿದೆ ಎಂದು ಪ್ರತಿ ಅಧಿವೇಶನದಲ್ಲೂ ಬಿಡದೆ ಕೇಳುವ ಒಬ್ಬರು ಘಟ್ಟದ ಮೇಲಿನವರಿಗೆ ಬೇಕು.

ಇಲ್ಲಿಯವರೆಗಿನದು ಶ್ರಮದ ಮಾತು. ಹೊಗೆಸೊಪ್ಪು ಮತ್ತು ಅಡಿಕೆಯ ಹತ್ತಿರ ಬಂದಾಗ ಡಾಕ್ಟರಿಗೆ ನಿಜವಾದ ಇಕ್ಕಟ್ಟು ಶುರುವಾಗುತ್ತದೆ.

ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇದೆ. ಮಂಡಳಿ 1975ರ ಕಾಯ್ದೆಯಡಿ ಬಂದದ್ದು, ಕೇಂದ್ರ ವಾಣಿಜ್ಯ ಸಚಿವಾಲಯದ್ದು; ಎಷ್ಟು ಬೆಳೆಯಬೇಕು, ಯಾರಿಗೆ ಲೈಸೆನ್ಸ್ ಎಂಬುದನ್ನು ಅದೇ ತೀರ್ಮಾನಿಸುತ್ತದೆ. ಆದ್ದರಿಂದ ರೈತ ಬರುವುದು ಸಂಸದರ ಮನೆಗೇ. ಕೋಟಾ ಹೆಚ್ಚಿಸಿ, ದಂಡ ಮನ್ನಾ ಮಾಡಿಸಿ, ಲೈಸೆನ್ಸ್ ಇಲ್ಲದೆ ಬೆಳೆದದ್ದನ್ನೂ ಹರಾಜಿಗೆ ಬಿಡಿಸಿ. ಆ ರೈತನ ತಂದೆಗೆ ಬೀಡಿಯಿಂದ ಬಂದ ದಮ್ಮಿಗೆ ಔಷಧ ಕೊಟ್ಟವರೂ ಇದೇ ಡಾಕ್ಟರು. ಬೆಳಗಿನ ಇಬ್ಬನಿಯಲ್ಲಿ ಹಸಿ ಸೊಪ್ಪು ಮುರಿದ ಹೆಂಗಸರು ತಲೆಸುತ್ತು, ವಾಂತಿ ಎಂದು ಮಧ್ಯಾಹ್ನ ಷಾಪಿಗೆ ಬಂದದ್ದನ್ನೂ ಇವರು ಕಂಡಿರುತ್ತಾರೆ. ಒದ್ದೆ ಎಲೆಯ ನಿಕೋಟಿನ್ ಚರ್ಮದ ಮೂಲಕ ಮೈಗೇರುವುದರಿಂದ ಹಾಗಾಗುತ್ತದೆ. ಇಬ್ಬನಿ ಆರಿದ ಮೇಲೆ ಸೊಪ್ಪು ಮುರಿಯುವುದು, ಕೈಗವಸು, ತುಂಬು ತೋಳಿನ ಅಂಗಿ, ಕೆಲಸ ಮುಗಿದ ಕೂಡಲೇ ಸೋಪು ಹಾಕಿ ತೊಳೆಯುವುದು, ಇಷ್ಟರಿಂದ ಬಹುಪಾಲು ತಪ್ಪುತ್ತದೆ; ಆದರೆ ಕೂಲಿ ಕೆಲಸ ಶುರುವಾಗುವುದೇ ನಸುಕಿನಲ್ಲಿ.

ಘಟ್ಟದ ಕಡೆ ಅಡಿಕೆ. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿತು. ಗುಟ್ಕಾ, ಅಡಿಕೆ ಜಗಿಯುವ ಹುಡುಗರಲ್ಲಿ ಬಾಯಿ ಬಿಗಿದುಕೊಂಡು ಮೂರು ಬೆರಳು ಹಿಡಿಸಬೇಕಾದಲ್ಲಿ ಒಂದೂವರೆ ಹಿಡಿಸುವುದನ್ನು ನೋಡಿದ ಡಾಕ್ಟರಿಗೆ ಆ ತೀರ್ಮಾನ ಹೊಸದಲ್ಲ. ಆದರೆ ಕೊಪ್ಪ, ಶೃಂಗೇರಿ, ತರೀಕೆರೆಯಲ್ಲಿ ಮಕ್ಕಳ ಓದು, ಮದುವೆ, ಆಸ್ಪತ್ರೆ ಖರ್ಚು ಎಲ್ಲ ಆ ಅಡಿಕೆಯಿಂದಲೇ ನಡೆಯುತ್ತದೆ.

ಇಂಥಲ್ಲಿ ಏನು ಮಾಡಬೇಕು? ಸುಮ್ಮನಿರುವುದು ಸುಲಭ, ಹೆಚ್ಚಿನವರು ಅದನ್ನೇ ಮಾಡುತ್ತಾರೆ. ಆದರೆ ಡಾಕ್ಟರಿಗೆ ಆ ಸ್ವಾತಂತ್ರ್ಯ ಇಲ್ಲವೆಂದು ನಾನು ಭಾವಿಸುತ್ತೇನೆ. ಅಡಿಕೆಗೆ ಹಳದಿ ಎಲೆ ರೋಗ, ಎಲೆಚುಕ್ಕಿ ರೋಗ ಬಂದಾಗ ಸಂಶೋಧನೆಗೆ ದುಡ್ಡು ಕೇಳುವುದು, ಆಮದು ಅಡಿಕೆಗೆ 2023ರಲ್ಲಿ ನಿಗದಿಯಾದ ಕೆಜಿಗೆ 351 ರೂಪಾಯಿಯ ಕನಿಷ್ಠ ಬೆಲೆ ಬಂದರಿನಲ್ಲಿ ಪಾಲನೆಯಾಗುತ್ತಿದೆಯೇ ಎಂದು ಕೇಳುವುದು, ಇದೆಲ್ಲ ರೈತನ ಪ್ರತಿನಿಧಿಯಾಗಿ ನ್ಯಾಯವೇ. “ಅಡಿಕೆಯಿಂದ ಏನೂ ಆಗುವುದಿಲ್ಲ” ಎಂದು ಸದನದಲ್ಲಿ ಹೇಳುವುದು ಮಾತ್ರ ಸಲ್ಲದು. ಹೆಸರಿನ ಹಿಂದೆ ಡಾಕ್ಟರ್ ಎಂದಿರುವವರ ಬಾಯಿಂದ ಆ ಮಾತು ಬಂದರೆ ಅದಕ್ಕೆ ಬೇರೆ ಸಂಸದರ ಮಾತಿಗಿಲ್ಲದ ತೂಕ ಬರುತ್ತದೆ, ನಾಳೆ ಗುಟ್ಕಾ ಮಾರುವವರು ಅದನ್ನೇ ಎತ್ತಿ ತೋರಿಸುತ್ತಾರೆ.

ಹೊಗೆಸೊಪ್ಪಿನಲ್ಲಿ ದಾರಿ ಇನ್ನೂ ಸ್ಪಷ್ಟ. ಭಾರತ 2004ರಲ್ಲೇ ಒಪ್ಪಿಕೊಂಡ ಅಂತರರಾಷ್ಟ್ರೀಯ ತಂಬಾಕು ನಿಯಂತ್ರಣ ಒಡಂಬಡಿಕೆಯ 17ನೇ ವಿಧಿ ಬೆಳೆಗಾರರಿಗೆ ಪರ್ಯಾಯ ಜೀವನೋಪಾಯ ಒದಗಿಸಬೇಕು ಎನ್ನುತ್ತದೆ. 18ನೇ ವಿಧಿ ಬೆಳೆಯುವವರ ಆರೋಗ್ಯದ ಬಗ್ಗೆ ಹೇಳುತ್ತದೆ. ರಾಮನಾಥಪುರದ ರೈತನ ಪರವಾಗಿ ಕೇಳಲು ಇದಕ್ಕಿಂತ ಗಟ್ಟಿ ಆಧಾರ ಬೇಕಿಲ್ಲ. ಲೈಸೆನ್ಸ್ ಬಿಟ್ಟುಕೊಡುವವನಿಗೆ ಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ ಕಟ್ಟಲು ಹಾಕಿದ ಬಂಡವಾಳಕ್ಕೆ ಪರಿಹಾರ ಎಷ್ಟು, ಬೇರೆ ಬೆಳೆಗೆ ಹೋದರೆ ಮೊದಲ ಮೂರು ವರ್ಷ ಕೊಳ್ಳುವವರು ಯಾರು, ಹೊಗೆಸೊಪ್ಪಿಗೆ ಸಿಗುವಂತೆ ಮಾರಾಟವಾದ ದುಡ್ಡು ನೇರ ಬ್ಯಾಂಕಿಗೆ ಬರುವ ಹರಾಜು ವ್ಯವಸ್ಥೆ ಶುಂಠಿಗೋ ಮೆಕ್ಕೆಜೋಳಕ್ಕೋ ಇದೆಯೇ, ಸೊಪ್ಪು ಮುರಿಯುವ ಹೆಂಗಸರಿಗೆ ಕೈಗವಸು ಮಂಡಳಿಯ ಖರ್ಚಿನಲ್ಲಿ ಏಕೆ ಬರಬಾರದು. ಮೊದಲ ಮೂರು ಪ್ರಶ್ನೆಗಳನ್ನು ವಾಣಿಜ್ಯ ಮತ್ತು ಕೃಷಿ ಸಚಿವಾಲಯಗಳಿಗೆ ಬೇರೆ ಬೇರೆಯಾಗಿ ಕಳಿಸಬೇಕು, ಒಟ್ಟಿಗೆ ಕೇಳಿದರೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ. ಕೈಗವಸಿನದನ್ನು ವಾಣಿಜ್ಯ ಸಚಿವರಿಗೇ ಕೇಳಬೇಕು, ಮುಂಗಾರು ಅಧಿವೇಶನದಲ್ಲಿ, ಸೊಪ್ಪು ಮುರಿಯುವ ಕೆಲಸ ನಡೆಯುತ್ತಿರುವಾಗಲೇ.